ಅಣುಶಕ್ತಿ: ಆರಿಸಿದ ಮೇಲೂ ಆರದ ಬಿಸಿ

ಪ್ರಶ್ನೆ: ನಮ್ಮ ಮನೆಯಲ್ಲಿ ಅಣುಶಕ್ತಿಯ ಬಗ್ಗೆ ವಾದ ಮುಗಿಯುತ್ತಲೇ ಇಲ್ಲ. ಕಾಲೇಜಿಗೆ ಹೋಗುವ ಮಗಳು "ಹೊಗೆ ಇಲ್ಲ, ಇಂಗಾಲ ಇಲ್ಲ, ಇದಕ್ಕಿಂತ ಒಳ್ಳೆಯದು ಯಾವುದಿದೆ?" ಅನ್ನುತ್ತಾಳೆ. ನಮ್ಮಣ್ಣ "ಅಣುಸ್ಥಾವರ ಅಂದರೆ ಬಾಂಬೇ, ಇನ್ನೂ ಸಿಡಿದಿಲ್ಲ ಅಷ್ಟೆ" ಅನ್ನುತ್ತಾರೆ. ರಿಯಾಕ್ಟರ್ ನಿಜಕ್ಕೂ ಬಾಂಬಿನ ಹಾಗೆ ಸಿಡಿಯುತ್ತದೆಯೇ? ಕರೆಂಟ್ ಬಿಟ್ಟು ಬೇರೆ ಉಪಯೋಗ ಏನಾದರೂ ಇದೆಯೇ? ಅದರ ತ್ಯಾಜ್ಯವನ್ನು ಏನು ಮಾಡುತ್ತಾರೆ? ಸ್ಥಾವರದ ಹತ್ತಿರ ಮನೆ ಇದ್ದರೆ ಹೆದರಬೇಕೇ?

ಉತ್ತರ:

ಮೊದಲು ನಿಮ್ಮಣ್ಣನ ಮಾತು ತೆಗೆದುಕೊಳ್ಳೋಣ. ರಿಯಾಕ್ಟರ್ ಬಾಂಬಿನ ಹಾಗೆ ಸಿಡಿಯುವುದಿಲ್ಲ. ನಿಮಗೆ ಧೈರ್ಯ ಹೇಳಲು ಈ ಮಾತು ಆಡುತ್ತಿಲ್ಲ, ಯುರೇನಿಯಂನ ಲೆಕ್ಕವೇ ಹಾಗಿದೆ. ನೆಲದಿಂದ ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ಶೇ. 0.7ರಷ್ಟು ಮಾತ್ರ. ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಯುರೇನಿಯಂ-238. ಬಹುತೇಕ ರಿಯಾಕ್ಟರುಗಳಿಗೆ ಈ 0.7 ಸಾಲದು, ಅದನ್ನು ಶೇ. 3ರಿಂದ 5ರವರೆಗೆ ಏರಿಸಿಕೊಳ್ಳುತ್ತಾರೆ. ಭಾರಜಲ (ಹೈಡ್ರೋಜನ್ನಿನ ಭಾರವಾದ ರೂಪ ಇರುವ ನೀರು) ಬಳಸುವ ರಿಯಾಕ್ಟರುಗಳಿಗೆ ಅಷ್ಟೂ ಬೇಡ, ಇದ್ದದ್ದರಲ್ಲೇ ನಡೆಯುತ್ತದೆ. ಬಾಂಬಿಗೆ ಬೇಕಾಗುವುದು ಶೇ. 90ರ ಆಸುಪಾಸು. ಹಾಗಾಗಿ ರಿಯಾಕ್ಟರಿನೊಳಗೆ ಏನೇ ಆದರೂ ಹಿರೋಷಿಮಾದಂಥ ಸ್ಫೋಟ ಆಗದು. ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಮತ್ತು ಜಪಾನಿನ ಫುಕುಶಿಮಾ ಸ್ಥಾವರಗಳಲ್ಲಿ ಸ್ಫೋಟ ಆಗಿದ್ದು ನಿಜ. ಮೊದಲನೆಯದಕ್ಕೆ ಮುಖ್ಯ ಕಾರಣ ಹಬೆಯ ಒತ್ತಡ, ಎರಡನೆಯದಕ್ಕೆ ಹೈಡ್ರೋಜನ್.

ಹಾಗಂತ ನಿಮ್ಮಣ್ಣನ ಭಯಕ್ಕೆ ಬುಡವೇ ಇಲ್ಲ ಅನ್ನಲಾರೆ. ಹೆದರಬೇಕಾದ ಜಾಗ ಬೇರೆ ಇದೆ, ಅಷ್ಟೆ. ಅದು ಬಿಸಿ.

ಅಣುಸ್ಥಾವರ ಮಾಡುವ ಕೆಲಸ ನೀರು ಕಾಯಿಸುವುದು. ಯುರೇನಿಯಂ-235ರ ನ್ಯೂಕ್ಲಿಯಸ್‌ಗೆ ಒಂದು ನ್ಯೂಟ್ರಾನ್ ತಾಗಿದರೆ ಅದು ಎರಡು ಹೋಳಾಗುತ್ತದೆ. ಜೊತೆಗೆ ಎರಡೋ ಮೂರೋ ನ್ಯೂಟ್ರಾನ್ ಹೊರಬರುತ್ತವೆ. ಅವು ಮತ್ತೆ ಬೇರೆ ನ್ಯೂಕ್ಲಿಯಸ್‌ಗಳನ್ನು ಒಡೆಯುತ್ತವೆ. ಹೀಗೆ ಸರಪಳಿ ಸಾಗುತ್ತದೆ. ಪ್ರತಿ ಸಲ ಒಡೆದಾಗಲೂ ಬಿಸಿ ಹುಟ್ಟುತ್ತದೆ. ಆ ಬಿಸಿಯಿಂದ ಹಬೆ, ಹಬೆಯಿಂದ ಟರ್ಬೈನ್, ಟರ್ಬೈನ್‌ನಿಂದ ಕರೆಂಟ್. ಹಬೆಯಿಂದ ಮುಂದಕ್ಕೆ ಕಲ್ಲಿದ್ದಲಿನ ಸ್ಥಾವರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಚಿತ್ರಗಳಲ್ಲಿ ಕಾಣುವ ದಪ್ಪ ಗೋಪುರದಿಂದ ಬಿಳಿಯಾಗಿ ಏಳುವುದೂ ಬರೀ ನೀರಿನ ಆವಿ. ಅದನ್ನೇ ವಿಷದ ಹೊಗೆ ಅಂತ ಬರೆಯುವವರು ಇನ್ನೂ ಇದ್ದಾರೆ!

ಈ ಸರಪಳಿಯನ್ನು ನಿಲ್ಲಿಸುವುದು ಕಷ್ಟವಲ್ಲ. ನ್ಯೂಟ್ರಾನ್ ಹೀರುವ ನಿಯಂತ್ರಣ ಸರಳುಗಳನ್ನು ಇಂಧನದ ನಡುವೆ ಇಳಿಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ನಿಂತುಹೋಗುತ್ತದೆ. ಆದರೆ ಆಗಲೇ ಒಡೆದಿರುವ ಹೋಳುಗಳು ಇವೆಯಲ್ಲ, ಅವು ಸುಮ್ಮನಿರುವುದಿಲ್ಲ. ಅವೂ ವಿಕಿರಣ ಸೂಸುತ್ತಾ, ಕ್ಷಯಿಸುತ್ತಾ ಬಿಸಿ ಕೊಡುತ್ತಲೇ ಇರುತ್ತವೆ. ಬೆಂಕಿ ಆರಿಸಿದರೂ ಕೆಂಡ ಉಳಿದ ಹಾಗೆ. ಒಂದೇ ವ್ಯತ್ಯಾಸ ಅಂದರೆ ಈ ಕೆಂಡದ ಮೇಲೆ ನೀರು ಸುರಿದು ಆರಿಸಲು ಆಗದು, ಅದು ತಾನಾಗಿ ತಣಿಯುವವರೆಗೂ ಸುರಿಯುತ್ತಲೇ ಇರಬೇಕು.

ಎಷ್ಟು ಬಿಸಿ ಅಂತ ನೋಡಿ. 1000 ಮೆಗಾವ್ಯಾಟ್ ಕರೆಂಟ್ ಕೊಡುವ ರಿಯಾಕ್ಟರ್ ಒಳಗೆ ಹುಟ್ಟುವ ಬಿಸಿ ಸುಮಾರು 3000 ಮೆಗಾವ್ಯಾಟ್. ಮೂರರಲ್ಲಿ ಎರಡು ಪಾಲು ಕರೆಂಟ್ ಆಗದೆ ಸಮುದ್ರಕ್ಕೋ ನದಿಗೋ ಗಾಳಿಗೋ ಹೋಗುತ್ತದೆ. ಈ ರಿಯಾಕ್ಟರನ್ನು ನಿಲ್ಲಿಸಿದ ಆ ಕ್ಷಣದಲ್ಲಿ ಶೇ. 6–7ರಷ್ಟು, ಅಂದರೆ ಸುಮಾರು 200 ಮೆಗಾವ್ಯಾಟ್ ಬಿಸಿ ಉಳಿದಿರುತ್ತದೆ. ಒಂದು ಗಂಟೆ ಕಳೆದರೆ ಶೇ. ಒಂದೂವರೆ ಆಸುಪಾಸು. ಒಂದು ದಿನ ಕಳೆದರೂ ಹತ್ತು ಮೆಗಾವ್ಯಾಟಿಗಿಂತ ಜಾಸ್ತಿ. ಅದನ್ನು ಹೊರಗೆ ಸಾಗಿಸಲು ನೀರು ಹರಿಯುತ್ತಿರಬೇಕು. ನೀರು ಹರಿಯಲು ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಕರೆಂಟು ಮಾಡುವ ಜಾಗಕ್ಕೇ ಹೊರಗಿನಿಂದ ಕರೆಂಟು ಬೇಕಾಗುವ ಗಳಿಗೆ ಇದು. ಅಣು ವಿದ್ಯುತ್ ಸ್ಥಾವರಗಳ ಅತಿ ಹೆಸರಾದ ಮೂರು ಅಪಘಾತಗಳೂ ಒಂದಲ್ಲ ಒಂದು ರೀತಿ ಈ ಗಳಿಗೆಗೇ ಸಂಬಂಧಪಟ್ಟವು.

ಫುಕುಶಿಮಾವನ್ನೇ ನೋಡಿ. 2011ರ ಮಾರ್ಚ್ 11ರ ಮಧ್ಯಾಹ್ನ 9.0 ತೀವ್ರತೆಯ ಭೂಕಂಪ ಆಯಿತು. ಓಡುತ್ತಿದ್ದ ಮೂರೂ ರಿಯಾಕ್ಟರುಗಳು ತಾವಾಗಿಯೇ ನಿಂತವು. ಹೊರಗಿನ ವಿದ್ಯುತ್ ತಂತಿ ಕಡಿದುಹೋಯಿತು, ಡೀಸೆಲ್ ಜನರೇಟರ್‌ಗಳು ಶುರುವಾದವು. ಅಲ್ಲಿಯವರೆಗೂ ಎಲ್ಲ ಪುಸ್ತಕದಲ್ಲಿ ಬರೆದ ಹಾಗೇ ನಡೆಯಿತು. ಮುಕ್ಕಾಲು ಗಂಟೆ ದಾಟಿದ ಮೇಲೆ ಸುನಾಮಿ ಬಂತು. ಅಲೆ 14–15 ಮೀಟರ್ ಎತ್ತರಕ್ಕೆ ನುಗ್ಗಿತು. ಸ್ಥಾವರ ಲೆಕ್ಕ ಹಾಕಿಕೊಂಡಿದ್ದದ್ದು ಆರು ಮೀಟರಿನ ಆಸುಪಾಸು. ಜನರೇಟರ್‌ಗಳಲ್ಲಿ ಹೆಚ್ಚಿನವು ನೆಲಮಾಳಿಗೆಯಲ್ಲಿದ್ದವು. ಮುಳುಗಿದವು. ಕತ್ತಲಾದ ನಿಯಂತ್ರಣ ಕೊಠಡಿಯಲ್ಲಿ ಸಿಬ್ಬಂದಿ ಟಾರ್ಚ್ ಹಿಡಿದುಕೊಂಡು, ಹೊರಗೆ ನಿಲ್ಲಿಸಿದ್ದ ಕಾರುಗಳ ಬ್ಯಾಟರಿ ಬಿಚ್ಚಿ ತಂದು ಮೀಟರ್‌ಗಳಿಗೆ ಜೋಡಿಸಿದರು. ಒಳಗೆ ನೀರು ಎಷ್ಟಿದೆ ಅಂತ ತಿಳಿಯಲು ಬೇರೆ ದಾರಿಯೇ ಇರಲಿಲ್ಲ. ನೀರು ಆವಿಯಾಗಿ, ಮುಳುಗಿರಬೇಕಾದ ಇಂಧನ ನೀರಿನಿಂದ ಹೊರಗೆ ಬಂತು. ಅದರ ಹೊರಕವಚದ ಜಿರ್ಕೋನಿಯಂ ಆ ಬಿಸಿಯಲ್ಲಿ ಹಬೆಯ ಜೊತೆ ಸೇರಿ ಹೈಡ್ರೋಜನ್ ಬಿಟ್ಟಿತು. ಟಿವಿಯಲ್ಲಿ ಎಲ್ಲರೂ ನೋಡಿದ ಸ್ಫೋಟ ಅದೇ. ಮೂರು ರಿಯಾಕ್ಟರುಗಳ ಇಂಧನ ಕರಗಿತು.

ಅದೇ ಆವರಣದಲ್ಲಿದ್ದ 5 ಮತ್ತು 6ನೇ ಘಟಕಗಳು ಉಳಿದುಕೊಂಡವು. ಯಾಕೆ ಗೊತ್ತಾ? ಒಂದೇ ಒಂದು ಜನರೇಟರ್ ಸ್ವಲ್ಪ ಎತ್ತರದಲ್ಲಿತ್ತು, ಅದೂ ಗಾಳಿಯಿಂದ ತಣಿಯುವಂಥದ್ದು. ಅದೊಂದೇ ಎರಡೂ ಘಟಕಗಳನ್ನು ಕಾಪಾಡಿತು. ಇನ್ನೂ ಒಂದು ವಿಷಯ. ಭೂಕಂಪದ ಕೇಂದ್ರಕ್ಕೆ ಇದಕ್ಕಿಂತ ಹತ್ತಿರವಿದ್ದ ಒನಗಾವಾ ಸ್ಥಾವರವನ್ನು ಎತ್ತರದ ನೆಲದಲ್ಲಿ ಕಟ್ಟಿದ್ದರು. ಅದು ಸುರಕ್ಷಿತವಾಗಿ ನಿಂತಿತು. ಮನೆ ಕಳೆದುಕೊಂಡ ಸುತ್ತಲಿನ ಊರಿನವರು ಆ ಸ್ಥಾವರದೊಳಗೇ ಆಶ್ರಯ ಪಡೆದರು. ಒಂದೇ ಭೂಕಂಪ, ಒಂದೇ ಸುನಾಮಿ. ಹಾಗಾಗಿ "ಅಣುಸ್ಥಾವರ ಸುರಕ್ಷಿತವೇ" ಎಂದು ಯಾರಾದರೂ ಕೇಳಿದರೆ ನಾನು "ಯಾವ ಸ್ಥಾವರ, ಎಲ್ಲಿ ಕಟ್ಟಿದ್ದು, ನೋಡಿಕೊಳ್ಳುವವರು ಯಾರು" ಎಂದು ವಾಪಸ್ ಕೇಳುತ್ತೇನೆ.

1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್‌ನಲ್ಲೂ ರಿಯಾಕ್ಟರ್ ನಿಂತಾಗಿತ್ತು. ತೆರೆದ ವಾಲ್ವ್ ಒಂದು ಮುಚ್ಚದೆ ಸಿಕ್ಕಿಕೊಂಡಿತು. ಸಿಬ್ಬಂದಿ ಮೀಟರ್ ನೋಡಿ ನೀರು ಜಾಸ್ತಿಯಾಗಿದೆ ಅಂದುಕೊಂಡು ತುರ್ತು ನೀರನ್ನು ತಗ್ಗಿಸಿದರು. ಉಳಿದ ಬಿಸಿಗೇ ಅರ್ಧದಷ್ಟು ಇಂಧನ ಕರಗಿತು. ರಿಯಾಕ್ಟರಿನ ಸುತ್ತ ಕಟ್ಟಿದ ದಪ್ಪ ಕಾಂಕ್ರೀಟ್ ಕವಚ ಗಟ್ಟಿಯಾಗಿದ್ದರಿಂದ ಊರು ಬಚಾವಾಯಿತು. ಚೆರ್ನೋಬಿಲ್‌ನಲ್ಲಿ ಅಂಥ ಕವಚವೇ ಇರಲಿಲ್ಲ. 1986ರ ಏಪ್ರಿಲ್ 26ರಂದು ಅಲ್ಲಿ ಮಾಡುತ್ತಿದ್ದ ಪರೀಕ್ಷೆ ಯಾವುದು ಗೊತ್ತೇ? ಕರೆಂಟ್ ಹೋಗಿ ಡೀಸೆಲ್ ಜನರೇಟರ್ ಶುರುವಾಗುವವರೆಗಿನ ಅಂತರದಲ್ಲಿ, ಇನ್ನೂ ತಿರುಗುತ್ತಿರುವ ಟರ್ಬೈನ್‌ನಿಂದ ಪಂಪು ಓಡಿಸಬಹುದೇ ಅಂತ. ಸುರಕ್ಷತೆಗಾಗಿ ಮಾಡಿದ ಪರೀಕ್ಷೆ ಅದು. ಕಡಿಮೆ ಶಕ್ತಿಯಲ್ಲಿ ಓಡಿಸಿದರೆ ಆ ಮಾದರಿಯ ರಿಯಾಕ್ಟರ್ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಹಬೆ ಹೆಚ್ಚಿದಷ್ಟೂ ಸರಪಳಿಯ ವೇಗವೂ ಹೆಚ್ಚುತ್ತಿತ್ತು. ನಿಯಂತ್ರಣ ಸರಳುಗಳ ತುದಿಯಲ್ಲಿದ್ದ, ಸರಪಳಿಗೆ ನೆರವಾಗುವ ಗ್ರಾಫೈಟ್‌ನಿಂದಾಗಿ, ನಿಲ್ಲಿಸಲು ಒತ್ತಿದ ಗುಂಡಿಯೇ ಮೊದಲ ಕೆಲವು ಕ್ಷಣ ಬೆಂಕಿಗೆ ತುಪ್ಪ ಸುರಿಯಿತು. ಇಂದು ಕಟ್ಟುವ ರಿಯಾಕ್ಟರುಗಳ ವಿನ್ಯಾಸ ಹಾಗಿರುವುದಿಲ್ಲ. ಕೆಲವು ಹೊಸ ಮಾದರಿಗಳಲ್ಲಿ ನೀರಿನ ತೊಟ್ಟಿ ಮೇಲೆಯೇ ಇರುತ್ತದೆ. ಪಂಪು, ಕರೆಂಟು ಏನೂ ಇಲ್ಲದೆ ಮೂರು ದಿನ ತಾನಾಗಿ ತಣಿಯುತ್ತದೆ.

ಯುಕ್ರೇನಿನ ಜಪೊರಿಜಿಯಾ ಸ್ಥಾವರ ನನ್ನನ್ನು ಫುಕುಶಿಮಾಕ್ಕಿಂತ ಜಾಸ್ತಿ ಕಾಡುತ್ತದೆ. ಆರು ರಿಯಾಕ್ಟರುಗಳ ಈ ಸ್ಥಾವರ ಯುರೋಪಿನಲ್ಲೇ ದೊಡ್ಡದು. 2022ರ ಮಾರ್ಚ್‌ನಲ್ಲಿ ರಷ್ಯಾದ ಸೇನೆ ಅದನ್ನು ಹಿಡಿಯಿತು. ಅದೇ ವರ್ಷ ಅಲ್ಲಿ ಕರೆಂಟ್ ಮಾಡುವುದು ನಿಂತಿತು. ಆದರೂ ಪಂಪುಗಳಿಗೆ ತಂತಿ ಬೇಕು, ನೀರು ಬೇಕು. ಯುದ್ಧದಲ್ಲಿ ತಂತಿಗಳು ಮತ್ತೆ ಮತ್ತೆ ಕಡಿದವು. 2023ರ ಜೂನ್‌ನಲ್ಲಿ ಕಖೋವ್ಕಾ ಅಣೆಕಟ್ಟು ಒಡೆದು ಜಲಾಶಯ ಬರಿದಾದ ಮೇಲೆ ಬಾವಿ ತೋಡಿ ನೀರು ತೆಗೆಯಬೇಕಾಯಿತು. ಸುನಾಮಿಗೆ ಗೋಡೆ ಕಟ್ಟಬಹುದು. ಯುದ್ಧಕ್ಕೆ ಯಾವ ಎಂಜಿನಿಯರ್ ಗೋಡೆ ಕಟ್ಟುತ್ತಾನೆ?

ಈಗ ನಿಮ್ಮ ಮಗಳ ಮಾತು. ಅವಳ ಲೆಕ್ಕದಲ್ಲೂ ಹುರುಳಿದೆ. ಒಂದು ಕೆಜಿ ಯುರೇನಿಯಂ-235 ಪೂರ್ತಿ ಒಡೆದರೆ ಬರುವ ಬಿಸಿಗೆ ಎರಡೂವರೆ ಸಾವಿರ ಟನ್‌ಗೂ ಜಾಸ್ತಿ ಕಲ್ಲಿದ್ದಲು ಸುಡಬೇಕು. 1000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ದಿನಕ್ಕೇ ಸಾವಿರಾರು ಟನ್ ನುಂಗುತ್ತದೆ. ಅಷ್ಟೇ ದೊಡ್ಡ ಅಣುಸ್ಥಾವರಕ್ಕೆ ವರ್ಷಕ್ಕೆ ಇಪ್ಪತ್ತು ಮೂವತ್ತು ಟನ್ ಇಂಧನ ಸಾಕು. ಹಲವು ಬಗೆಯ ರಿಯಾಕ್ಟರುಗಳಿಗೆ ಒಮ್ಮೆ ಇಂಧನ ತುಂಬಿದರೆ ಒಂದೂವರೆ ಎರಡು ವರ್ಷ ಮತ್ತೆ ತುಂಬಬೇಕಾಗಿಲ್ಲ. ಬಿಸಿಲು ಹೋಯಿತು, ಗಾಳಿ ನಿಂತಿತು ಅನ್ನುವ ಚಿಂತೆಯೂ ಇಲ್ಲ. ಇಂಗಾಲದ ವಿಷಯಕ್ಕೆ ಬಂದರೆ, ಗಣಿಯಿಂದ ಹಿಡಿದು ಸ್ಥಾವರ ಕೆಡವುವವರೆಗೂ ಲೆಕ್ಕ ಹಾಕಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ 2014ರಲ್ಲಿ ಕೊಟ್ಟ ನಡುಅಂದಾಜು ಇದು: ಒಂದು ಯೂನಿಟ್ ಕರೆಂಟಿಗೆ ಅಣುಶಕ್ತಿಯಿಂದ 12 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್, ಅನಿಲದಿಂದ 490, ಕಲ್ಲಿದ್ದಲಿನಿಂದ 820. ಗಾಳಿಯಂತ್ರ ಅಣುಶಕ್ತಿಯ ಸಮಕ್ಕೇ ಬರುತ್ತದೆ. ಅಂದರೆ ಇಂಗಾಲ ಇಲ್ಲವೇ ಇಲ್ಲ ಅನ್ನುವುದು ತಪ್ಪು, ಬಹಳ ಕಡಿಮೆ ಅನ್ನುವುದು ಸರಿ.

ಜೀವಹಾನಿಯ ಲೆಕ್ಕವೂ ಹಲವರಿಗೆ ಅಚ್ಚರಿ ತರುತ್ತದೆ. ಕಲ್ಲಿದ್ದಲಿನ ಹೊಗೆಯಿಂದ ಸಾಯುವವರು ಒಬ್ಬೊಬ್ಬರಾಗಿ, ಆಸ್ಪತ್ರೆಗಳಲ್ಲಿ, ಸುದ್ದಿಯಾಗದೆ ಸಾಯುತ್ತಾರೆ. ಹುಟ್ಟಿಸಿದ ಕರೆಂಟಿನ ಪ್ರಮಾಣಕ್ಕೆ ಹೋಲಿಸಿದರೆ, ಚೆರ್ನೋಬಿಲ್, ಫುಕುಶಿಮಾ ಎರಡನ್ನೂ ಸೇರಿಸಿಕೊಂಡರೂ ಅಣುಶಕ್ತಿಯಿಂದ ಸತ್ತವರು ಕಲ್ಲಿದ್ದಲಿನಿಂದ ಸತ್ತವರಿಗಿಂತ ನೂರಾರು ಪಟ್ಟು ಕಡಿಮೆ. ನಿಮ್ಮಣ್ಣ ಒಪ್ಪುವುದು ಕಷ್ಟ, ಆದರೆ ಲೆಕ್ಕ ಹೀಗಿದೆ.

ಹಾಗಾದರೆ ಎಲ್ಲ ದೇಶಗಳೂ ಯಾಕೆ ಕಟ್ಟುತ್ತಿಲ್ಲ? ಜಗತ್ತಿನಲ್ಲಿ ಓಡುತ್ತಿರುವ ರಿಯಾಕ್ಟರುಗಳು ಹೆಚ್ಚುಕಡಿಮೆ 440. ಒಟ್ಟು ಕರೆಂಟಿನಲ್ಲಿ ಅವುಗಳ ಪಾಲು ಹತ್ತರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ. ನನ್ನ ಪ್ರಕಾರ ಇದಕ್ಕೆ ಭಯ ಎರಡನೇ ಕಾರಣ. ಮೊದಲನೆಯದು ದುಡ್ಡು ಮತ್ತು ಸಮಯ. ಫಿನ್ಲೆಂಡಿನ ಓಲ್ಕಿಲುವೊಟೊ-3 ರಿಯಾಕ್ಟರ್ ಕಟ್ಟಲು 2005ರಲ್ಲಿ ಶುರು ಮಾಡಿದರು, 2009ಕ್ಕೆ ಮುಗಿಯುತ್ತದೆ ಅಂದರು. ನಿಯಮಿತವಾಗಿ ಕರೆಂಟ್ ಕೊಡತೊಡಗಿದ್ದು 2023ರಲ್ಲಿ. ಫ್ರಾನ್ಸಿನ ಫ್ಲಾಮನ್‌ವಿಲ್-3ರ ಕಥೆಯೂ ಅದೇ: 2007ರಲ್ಲಿ ಶುರು, ಗ್ರಿಡ್‌ಗೆ ಸೇರಿದ್ದು 2024ರ ಡಿಸೆಂಬರ್‌ನಲ್ಲಿ. ಅಮೆರಿಕದ ವೋಗಲ್‌ನಲ್ಲಿ ಎರಡು ರಿಯಾಕ್ಟರಿಗೆ 14 ಶತಕೋಟಿ ಡಾಲರ್ ಅಂದುಕೊಂಡದ್ದು 30 ಶತಕೋಟಿ ದಾಟಿತು. ಸಾಲ ಮಾಡಿ ಕಟ್ಟುವ ಸ್ಥಾವರ ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ. ಅಷ್ಟರೊಳಗೆ ಸೋಲಾರ್ ಫಲಕಗಳ ಬೆಲೆ ಇಳಿದು ಪಾತಾಳ ಮುಟ್ಟಿರುತ್ತದೆ. ಕಾರ್ಖಾನೆಯಲ್ಲೇ ತಯಾರಿಸಿ ತಂದು ಕೂರಿಸುವ ಸಣ್ಣ ರಿಯಾಕ್ಟರುಗಳ ಬಗ್ಗೆ ಈಗ ತುಂಬಾ ಮಾತು ನಡೆದಿದೆ. ರಷ್ಯಾ 2020ರಿಂದ ತೇಲುವ ಹಡಗಿನ ಮೇಲೆ 35 ಮೆಗಾವ್ಯಾಟಿನ ಎರಡು ರಿಯಾಕ್ಟರುಗಳನ್ನು ಓಡಿಸುತ್ತಿದೆ. ಅಗ್ಗ ಆಗುತ್ತದೆ ಅನ್ನುವ ಮಾತನ್ನು ಮಾತ್ರ ಸಾಲು ಸಾಲಾಗಿ ಕಟ್ಟಿ ತೋರಿಸಿದ ಮೇಲೆಯೇ ನಂಬುತ್ತೇನೆ.

ಇಷ್ಟು ಹೇಳಿದ ಮೇಲೆ ನನ್ನ ನಿಲುವನ್ನೂ ಹೇಳಿಬಿಡುತ್ತೇನೆ. ಚೆನ್ನಾಗಿ ಓಡುತ್ತಿರುವ ಸ್ಥಾವರವನ್ನು, ಕಲ್ಲಿದ್ದಲು ಇನ್ನೂ ಉರಿಯುತ್ತಿರುವಾಗಲೇ ಮುಚ್ಚುವುದು ಜಾಣತನವಲ್ಲ. ಜರ್ಮನಿ 2023ರ ಏಪ್ರಿಲ್ 15ರಂದು ಕೊನೆಯ ಮೂರನ್ನು ನಿಲ್ಲಿಸಿದಾಗ ಅದನ್ನೇ ಮಾಡಿತು ಅಂತ ನನಗನ್ನಿಸುತ್ತದೆ. ಹೊಸದಾಗಿ ಕಟ್ಟುವ ಪ್ರಶ್ನೆ ಬೇರೆ. ದುಡ್ಡು, ನೀರು, ಗಟ್ಟಿ ನೆಲ, ಹೆದರದೆ "ನಿಲ್ಲಿಸಿ" ಅನ್ನಬಲ್ಲ ಸ್ವತಂತ್ರ ನಿಯಂತ್ರಕರು, ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಆ ದೇಶ ಕಟ್ಟದಿರುವುದೇ ಒಳ್ಳೆಯದು. ಕೊನೆಯದು ಇಲ್ಲದಿದ್ದರಂತೂ ಖಂಡಿತ ಬೇಡ.

ತ್ಯಾಜ್ಯದ ಬಗ್ಗೆ ಕೇಳಿದ್ದೀರಿ. ತೂಕದಲ್ಲಿ ಅದು ಹೆಚ್ಚೇನಲ್ಲ. ದೊಡ್ಡ ರಿಯಾಕ್ಟರ್ ಒಂದರಿಂದ ವರ್ಷಕ್ಕೆ ಹೊರಬರುವ ಬಳಸಿದ ಇಂಧನವೂ ಅದೇ ಇಪ್ಪತ್ತು ಮೂವತ್ತು ಟನ್. ಅದರಲ್ಲಿ ಶೇ. 95ರಷ್ಟು ಹಳೆಯ ಯುರೇನಿಯಂ, ಸುಮಾರು ಶೇ. 1 ರಿಯಾಕ್ಟರಿನೊಳಗೆ ಯುರೇನಿಯಂ-238ರಿಂದ ಹುಟ್ಟಿದ ಪ್ಲುಟೋನಿಯಂ. ಒಡೆದ ಹೋಳುಗಳು ಶೇ. 3–4. ಹೊರಗೆ ತೆಗೆದ ಹೊಸದರಲ್ಲಿ ಅದರ ಹತ್ತಿರ ನಿಲ್ಲುವುದೇ ಸಾವು. ಆದ್ದರಿಂದ ಕೆಲವು ವರ್ಷ ಆಳವಾದ ನೀರಿನ ಕೊಳದಲ್ಲಿ ಮುಳುಗಿಸಿಡುತ್ತಾರೆ. ನೀರು ತಣ್ಣಗೂ ಮಾಡುತ್ತದೆ, ವಿಕಿರಣವನ್ನೂ ತಡೆಯುತ್ತದೆ. ಆಮೇಲೆ ಉಕ್ಕು ಮತ್ತು ಕಾಂಕ್ರೀಟಿನ ದೊಡ್ಡ ಪೀಪಾಯಿಗಳಿಗೆ ಹಾಕುತ್ತಾರೆ. ಕೆಲವು ದೇಶಗಳು ಅದನ್ನು ಸಂಸ್ಕರಿಸಿ ಪ್ಲುಟೋನಿಯಂ ಬೇರ್ಪಡಿಸಿ ಮತ್ತೆ ಬಳಸುತ್ತವೆ.

ಸೀಸಿಯಂ-137, ಸ್ಟ್ರಾನ್ಷಿಯಂ-90 ಇಂಥ ಹೋಳುಗಳ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, 30 ವರ್ಷದ ಆಸುಪಾಸು. ಮುನ್ನೂರು ವರ್ಷದಲ್ಲಿ ಸಾವಿರಕ್ಕೆ ಒಂದು ಪಾಲಿಗೆ ಇಳಿಯುತ್ತವೆ. ಪ್ಲುಟೋನಿಯಂ-239ರ ಅರ್ಧಾಯುಷ್ಯ ಮಾತ್ರ 24,000 ವರ್ಷ. ಅಷ್ಟು ಕಾಲ ಕಾಯುವ ಸರ್ಕಾರ ಯಾವುದೂ ಇಲ್ಲ, ಬಂಡೆ ಇದೆ. ಫಿನ್ಲೆಂಡಿನವರು ಓಂಕಾಲೊ ಅನ್ನುವಲ್ಲಿ ಸುಮಾರು 430 ಮೀಟರ್ ಆಳದ ಬಂಡೆಯಲ್ಲಿ ಸುರಂಗ ಕೊರೆದಿದ್ದಾರೆ. ಇಂಧನವನ್ನು ತಾಮ್ರದ ಡಬ್ಬಿಯಲ್ಲಿಟ್ಟು, ಸುತ್ತ ನೀರು ತಾಗಿದರೆ ಉಬ್ಬುವ ಬೆಂಟೊನೈಟ್ ಜೇಡಿಮಣ್ಣು ತುಂಬಿ ಮುಚ್ಚುವ ಯೋಜನೆ ಅದು. ಇದು ನಡೆಯುತ್ತದೆಯೇ ಅನ್ನುವವರಿಗೆ ಭೂಮಿಯೇ ಒಂದು ಉದಾಹರಣೆ ಕೊಟ್ಟಿದೆ. ಆಫ್ರಿಕದ ಗಬಾನ್ ದೇಶದ ಓಕ್ಲೊ ಗಣಿಯಲ್ಲಿ ಸುಮಾರು 200 ಕೋಟಿ ವರ್ಷ ಹಿಂದೆ ಯುರೇನಿಯಂ ಅದಿರೇ ತಾನಾಗಿ ರಿಯಾಕ್ಟರ್ ಆಗಿ ಉರಿದಿತ್ತು. 1972ರಲ್ಲಿ ಅದು ಪತ್ತೆಯಾಯಿತು. ಅಲ್ಲಿ ಹುಟ್ಟಿದ ಪ್ಲುಟೋನಿಯಂ ಕ್ಷಯಿಸಿ ಮುಗಿಯುವವರೆಗೂ ಹುಟ್ಟಿದ ಜಾಗ ಬಿಟ್ಟು ಹೆಚ್ಚು ಅಲುಗಾಡಿರಲಿಲ್ಲ. ಹಾಗಾಗಿ ತ್ಯಾಜ್ಯದ ತಂತ್ರಜ್ಞಾನ ಪರಿಹಾರವಿಲ್ಲದ ಸಮಸ್ಯೆ ಅಂತ ನಾನು ಹೇಳುವುದಿಲ್ಲ. "ನಮ್ಮೂರ ಕೆಳಗೆ ಬೇಡ" ಅನ್ನುವ ಮಾತಿಗೆ ಪರಿಹಾರ ಹುಡುಕುವುದು ಅದಕ್ಕಿಂತ ಕಷ್ಟ. ಆ ಮಾತು ಆಡುವವರನ್ನು ದಡ್ಡರು ಅನ್ನುವ ಹಾಗೂ ಇಲ್ಲ.

ಬಾಂಬಿನ ವಿಷಯ ಇನ್ನೊಂದು ಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ. ಯುರೇನಿಯಂ ಅನ್ನು 0.7ರಿಂದ 4ಕ್ಕೆ ಏರಿಸುವ ಸೆಂಟ್ರಿಫ್ಯೂಜ್ ಯಂತ್ರಗಳೇ (ಗಿರ್ರನೆ ತಿರುಗಿಸಿ ಹಗುರ, ಭಾರ ಬೇರ್ಪಡಿಸುವಂಥವು) ಅದನ್ನು 90ಕ್ಕೂ ಏರಿಸಬಲ್ಲವು. 4 ಮುಟ್ಟುವಷ್ಟರಲ್ಲೇ ಹೆಚ್ಚಿನ ಶ್ರಮ ಮುಗಿದಿರುತ್ತದೆ. ಅದಕ್ಕೇ 1957ರಲ್ಲಿ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹುಟ್ಟಿದ್ದು, ಅದರ ತಪಾಸಕರು ಕ್ಯಾಮರಾ, ಮೊಹರು ಹಿಡಿದುಕೊಂಡು ದೇಶ ದೇಶ ತಿರುಗುವುದು. ನಿಮ್ಮಣ್ಣ ಬಾಂಬ್ ಅಂದಾಗ ಇದನ್ನು ಹೇಳಿದ್ದರೆ ನಾನೂ ತಲೆಯಾಡಿಸುತ್ತಿದ್ದೆ.

ಕರೆಂಟ್ ಬಿಟ್ಟು ಉಪಯೋಗ ಇದೆಯೇ ಅಂದಿರಿ. ಬಹಳ ಇದೆ. ಎಲುಬಿನ, ಹೃದಯದ ಸ್ಕ್ಯಾನ್‌ಗೆ ಬಳಸುವ ಟೆಕ್ನೀಷಿಯಂ-99ಎಂ ಹುಟ್ಟುವುದು ರಿಯಾಕ್ಟರಿನಲ್ಲಿ ತಯಾರಾದ ಮಾಲಿಬ್ಡಿನಂ-99ರಿಂದ. ಆರೇ ಗಂಟೆಯಲ್ಲಿ ಅರ್ಧ ಕರಗುವ ವಸ್ತುವನ್ನು ದೂರದಿಂದ ತರಿಸಿಟ್ಟುಕೊಳ್ಳಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಆಸ್ಪತ್ರೆಗೆ ಬರುವುದು ಸೀಸದ ಕವಚದೊಳಗಿನ ಮಾಲಿಬ್ಡಿನಂ. ಅದು ಕೆಲವು ದಿನ ಬಾಳುತ್ತದೆ. ಬೆಳಿಗ್ಗೆ ಅದರೊಳಗೆ ಉಪ್ಪುನೀರು ಹಾಯಿಸಿದರೆ ಅಂದಿಗೆ ಬೇಕಾದ ಟೆಕ್ನೀಷಿಯಂ ಇಳಿದುಬರುತ್ತದೆ. ಆ ಕೆಲಸದವರು ಆ ಪೆಟ್ಟಿಗೆಯನ್ನು ಹಸು ಅಂತಲೇ ಕರೆಯುತ್ತಾರೆ, ಇಳಿಸುವುದಕ್ಕೆ ಹಾಲು ಕರೆಯುವುದು ಅನ್ನುತ್ತಾರೆ. 2009ರಲ್ಲಿ ಕೆನಡಾದ ಹಳೆಯ ರಿಯಾಕ್ಟರೊಂದು ಸೋರಿಕೆಯಿಂದ ವರ್ಷಕ್ಕೂ ಜಾಸ್ತಿ ನಿಂತಾಗ ಎಷ್ಟೋ ದೇಶಗಳಲ್ಲಿ ಸ್ಕ್ಯಾನ್‌ಗಳು ಮುಂದಕ್ಕೆ ಹೋದವು. ಥೈರಾಯ್ಡ್ ಕ್ಯಾನ್ಸರಿಗೆ ಕೊಡುವ ಅಯೋಡಿನ್-131, ಸಿರಿಂಜ್ ಮತ್ತು ಗ್ಲೌಸ್‌ಗಳನ್ನು ಕ್ರಿಮಿಮುಕ್ತ ಮಾಡುವ ಕೋಬಾಲ್ಟ್-60 ಕೂಡ ರಿಯಾಕ್ಟರಿನ ಮಕ್ಕಳೇ. ಆಲೂಗಡ್ಡೆ, ಈರುಳ್ಳಿ ಮೊಳೆಯದಂತೆ ತಡೆಯಲೂ ಇದೇ ಕೋಬಾಲ್ಟ್ ಬಳಸುತ್ತಾರೆ. ಹಾಗೆ ಮಾಡಿದ ಈರುಳ್ಳಿ ವಿಕಿರಣ ಸೂಸುವುದಿಲ್ಲ. ಎಕ್ಸ್‌ರೇ ತೆಗೆಸಿಕೊಂಡವರು ಸೂಸುತ್ತಾರೆಯೇ? 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ಸೂರ್ಯನಿಂದ ಬೀಸುವ ಕಣಗಳ ಗಡಿ ದಾಟಿಯೂ ಮಾತಾಡುತ್ತಿರುವುದು ಪ್ಲುಟೋನಿಯಂ-238ರ ಕ್ಷಯದ ಬಿಸಿಯಿಂದ. ಫುಕುಶಿಮಾದಲ್ಲಿ ಕಂಟಕವಾದ ಅದೇ ಜಾತಿಯ ಬಿಸಿ.

ಕೊನೆಯದಾಗಿ, ಸ್ಥಾವರದ ಹತ್ತಿರ ಮನೆ. ಮಣ್ಣು, ಗಾಳಿ, ಆಕಾಶದಿಂದ ಎಲ್ಲರಿಗೂ ಸಹಜವಾಗಿ ಸಿಗುವ ವಿಕಿರಣ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣ ಅಳೆಯುವ ಮಾನ). ಸರಿಯಾಗಿ ಓಡುತ್ತಿರುವ ಸ್ಥಾವರದ ಪಕ್ಕದಲ್ಲಿದ್ದರೆ ಅದಕ್ಕೆ ಸೇರುವುದು ಸಾಮಾನ್ಯವಾಗಿ ಅದರ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಒಂದು ಸಿಟಿ ಸ್ಕ್ಯಾನ್ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕೊಡುತ್ತದೆ. ದಿನನಿತ್ಯ ಹೆದರುವ ಅಗತ್ಯವಿಲ್ಲ. ಅಪಘಾತವಾದರೆ ಏನು ಮಾಡಬೇಕು ಅನ್ನುವುದು ಮಾತ್ರ ಗೊತ್ತಿರಲೇಬೇಕು.

ಚೆರ್ನೋಬಿಲ್ ಸುತ್ತ ಸಾವಿರಾರು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಹುಲ್ಲಿನ ಮೇಲೆ ಬಿದ್ದ ಅಯೋಡಿನ್-131 ಹಸುವಿನ ಹಾಲಿಗೆ ಬಂದು, ಆ ಹಾಲನ್ನು ಮಕ್ಕಳು ಕುಡಿದದ್ದು ಅದಕ್ಕೆ ಮುಖ್ಯ ಕಾರಣ. ಪೋಲೆಂಡಿನಲ್ಲಿ ಕೆಲವೇ ದಿನಗಳಲ್ಲಿ ಸುಮಾರು ಒಂದು ಕೋಟಿ ಮಕ್ಕಳಿಗೆ ಅಯೋಡಿನ್ ಕುಡಿಸಿದರು. ಥೈರಾಯ್ಡ್ ಮೊದಲೇ ತುಂಬಿದ್ದರೆ ವಿಕಿರಣದ ಅಯೋಡಿನ್‌ಗೆ ಅಲ್ಲಿ ಜಾಗ ಸಿಗುವುದಿಲ್ಲ. ಆದರೆ ಅದು ಅಧಿಕಾರಿಗಳು ಹೇಳಿದಾಗ ಮಾತ್ರ ತೆಗೆದುಕೊಳ್ಳಬೇಕಾದ ಮಾತ್ರೆ. ಇರಲಿ ಅಂತ ಸುಮ್ನೆ ನುಂಗುವುದಲ್ಲ. ಸೀಸಿಯಂನಿಂದ ಅದು ಕಾಪಾಡುವುದೂ ಇಲ್ಲ. ಫುಕುಶಿಮಾದಲ್ಲಿ ಆಗಿದ್ದೇ ಬೇರೆ. ಅಲ್ಲಿ ವಿಕಿರಣದಿಂದ ಸತ್ತರೆಂದು ಸರ್ಕಾರ 2018ರಲ್ಲಿ ಮೊದಲು ಒಪ್ಪಿಕೊಂಡದ್ದು ಒಬ್ಬ ಕಾರ್ಮಿಕನನ್ನು. ಊರು ಬಿಡುವ ಗಡಿಬಿಡಿ, ಆಮೇಲಿನ ಸ್ಥಳಾಂತರದ ಬದುಕು, ಇವುಗಳಿಂದ ತೀರಿಕೊಂಡವರು ಎರಡು ಸಾವಿರಕ್ಕೂ ಹೆಚ್ಚು. ಬಹುಪಾಲು ವಯಸ್ಸಾದವರು. ಹಾಸಿಗೆ ಹಿಡಿದ ರೋಗಿಗಳನ್ನು ಬಸ್ಸಿನಲ್ಲಿ ಕೂರಿಸಿ ಗಂಟೆಗಟ್ಟಲೆ ಸಾಗಿಸಿದ್ದರು. ನೀವು ಸ್ಥಾವರದ ಹತ್ತಿರ ಇರುವವರಾದರೆ ತುರ್ತು ಯೋಜನೆಯನ್ನು ಕೇಳಿ ಪಡೆದು ಓದಿ. ಮಾತ್ರೆ ಎಲ್ಲಿ ಸಿಗುತ್ತದೆ, ಕಿಟಕಿ ಮುಚ್ಚಿ ಒಳಗಿರಬೇಕೋ ಹೊರಡಬೇಕೋ ಎಂದು ಹೇಳುವವರು ಯಾರು, ಎದ್ದು ನಡೆಯಲಾಗದವರನ್ನು ಯಾವ ಗಾಡಿಯಲ್ಲಿ ಎಲ್ಲಿಗೆ ಕರೆದೊಯ್ಯುತ್ತಾರೆ, ಇಷ್ಟು ಅದರಲ್ಲಿ ಇರಬೇಕು. ಇಲ್ಲದಿದ್ದರೆ ಕೇಳಿ ಬರೆಸಿ.